ಮುಜಫ್ಫರನ ಎಂಟನೇ ಹಾಡು

ಬೈಲಹೊಂಗಲದಲ್ಲಿ ಮುಜಫ್ಫರನ ಉದ್ಯೋಗ ಏನು ಎಂದು ಕೇಳಿದರೆ ಊರು ಒಂದೇ ಉತ್ತರ ಕೊಡುವುದಿಲ್ಲ. ಬಸ್‌ಸ್ಟ್ಯಾಂಡಿನ ಕಡೆಯವರು ರೆಕಾರ್ಡಿಂಗ್ ಮಾಡುತ್ತಾನೆ ಎನ್ನುತ್ತಾರೆ. ಮಾರ್ಕೆಟ್ ಯಾರ್ಡಿನ ಹಮಾಲರು ಹತ್ತಿ ಗೋದಾಮಿನಲ್ಲಿ ಕೂತು ಧಡಧಡ ಅನ್ನಿಸುವವನು ಎನ್ನುತ್ತಾರೆ. ಅವನ ಓಣಿಯವರಿಗಂತೂ ಮೂವತ್ತಾರು ತುಂಬಿ, ಮದುವೆಯಾಗಿ, ಒಂದು ಹೆಣ್ಣುಮಗುವಿನ ತಂದೆಯಾದ ಮೇಲೂ ಅವನು ಬ್ಯಾಂಡ್ ಬುಡನಸಾಬರ ಮಗ, ಅಷ್ಟೇ. ಮೂರೂ ನಿಜ. ರಾಕ್ ಸಂಗೀತಗಾರ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಹಾಗೆ ಹೇಳಿದರೆ ಅದೇನೆಂದು ವಿವರಿಸುವ ಕೆಲಸ ಹೇಳಿದವರ ತಲೆಗೇ ಬರುತ್ತದಲ್ಲ, ಯಾರಿಗೆ ಬೇಕು ಆ ಉಸಾಬರಿ.

ಹೊಟ್ಟೆಪಾಡಿಗೆ ಅವನು ಮಾಡುವುದು ಬೇರೆಯವರ ಹಾಡು. ಹುಣ್ಣಿಮೆ ಹತ್ತಿರ ಬಂತೆಂದರೆ ಸವದತ್ತಿ ಕಡೆಯಿಂದ ಎಲ್ಲಮ್ಮನ ಪದ ಹಾಡುವವರು ಗುಂಪುಗುಂಪಾಗಿ ಬರುತ್ತಾರೆ. ಉಳಿದ ದಿನ ಮೊಬೈಲಿನಲ್ಲಿ ಓಡುವ ಜಾನಪದ ಪ್ರೇಮಗೀತೆಗಳು, ಟ್ರ್ಯಾಕ್ಟರ್ ಅಂಗಡಿಯ ಜಾಹೀರಾತು, ಭಜನಾ ಮಂಡಳಿಯ ವಾರ್ಷಿಕೋತ್ಸವ. ಎಲ್ಲಕ್ಕೂ ಲ್ಯಾಪ್‌ಟಾಪಿನಲ್ಲಿ ತಾಳ ಕೂಡಿಸಿ ಕೊಡುತ್ತಾನೆ. ಒಂದು ತಾಳ ದೇವಿಗೂ ನಡೆಯುತ್ತದೆ, ಟ್ರ್ಯಾಕ್ಟರಿಗೂ ನಡೆಯುತ್ತದೆ. ಇದರಲ್ಲಿ ಅವನಿಗೆ ನಾಚಿಕೆಯೂ ಇಲ್ಲ, ಹೆಮ್ಮೆಯೂ ಇಲ್ಲ.

ಹೆಮ್ಮೆ ಇದ್ದದ್ದು ‘ಎರಿಹೊಲ’ದ ಬಗ್ಗೆ. ಹತ್ತಿ ಬೆಳೆಯುವ ಕರಿಮಣ್ಣಿನ ಹೊಲದ ಆ ಹೆಸರು ಅವರ ರಾಕ್ ಬ್ಯಾಂಡಿನದು, ಮೂವರೇ ಜನ. ಗಿಟಾರ್ ಹಿಡಿದು ಹಾಡುವವಳು ಶೈಲಜಾ, ಹಗಲು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಬೇಸ್ ಗಿಟಾರ್ ಗೌರೀಶನದು, ಅವನದೊಂದು ಮೊಬೈಲ್ ರಿಪೇರಿ ಅಂಗಡಿ. ಡ್ರಮ್ಸ್ ಮುಜಫ್ಫರ. ರಾಮದುರ್ಗದ ಕಾಲೇಜು ಗ್ಯಾದರಿಂಗಿನಲ್ಲಿ ಹುಡುಗರು ಕುರ್ಚಿ ಮೇಲೆ ನಿಂತು ಕುಣಿದಿದ್ದರು. ಕಿತ್ತೂರಿನ ಒಂದು ಶಾಲೆಯಲ್ಲಿ ಎರಡನೇ ಹಾಡಿಗೇ ಮೈಕಿನ ವಾಯರು ಕಿತ್ತಿದ್ದರು, ಆಮೇಲೆ ಪಾಪ, ಉಪ್ಪಿಟ್ಟು ಕೊಟ್ಟು ಕಳಿಸಿದ್ದರು. ಎರಡೂ ಕಥೆಯನ್ನು ಮೂವರೂ ಒಂದೇ ಖುಷಿಯಿಂದ ಹೇಳುತ್ತಾರೆ.

ಈ ಬ್ಯಾಂಡಿಗೆ ಒಂದು ಸ್ಟುಡಿಯೋ ಇತ್ತು, ಆದರೆ ಅದು ವರ್ಷಪೂರ್ತಿ ಇರುತ್ತಿರಲಿಲ್ಲ. ಗೌರೀಶನ ಸೋದರಮಾವ ಗಂಗಯ್ಯ ಹತ್ತಿ ವ್ಯಾಪಾರಿ. ದಸರಾ ಕಳೆದ ಮೇಲೆ ಅವನ ಗೋದಾಮಿಗೆ ಹತ್ತಿ ತುಂಬಿದ ಅಂಡಿಗೆಗಳು ಎಂಬ ದೊಡ್ಡ ಚೀಲಗಳು ಬಂದು ಬೀಳುತ್ತವೆ, ಛಾವಣಿ ಮುಟ್ಟುವವರೆಗೆ ಒಟ್ಟುತ್ತಾರೆ. ಒಮ್ಮೆ ಗೌರೀಶ ಅಲ್ಲಿ ನಿಂತು ಚಪ್ಪಾಳೆ ತಟ್ಟಿ ನೋಡಿದ. ಸದ್ದು ಹುಟ್ಟಿದಲ್ಲೇ ಸತ್ತಿತು, ಎಲ್ಲಿಂದಲೂ ತಿರುಗಿ ಬರಲಿಲ್ಲ. ಪಟ್ಟಣದ ಸ್ಟುಡಿಯೋದವರು ಗೋಡೆಗೆಲ್ಲ ಸ್ಪಂಜು ಬಡಿದು ಪಡೆಯುವ ಮೌನ ಇಲ್ಲಿ ಪುಕ್ಕಟೆ ಸಿಕ್ಕಿತ್ತು. ಊರವರು ಕಿವಿಗೆ ಹತ್ತಿ ಇಟ್ಟುಕೊಳ್ಳುವ ಬದಲು ಇವರೇ ಹತ್ತಿಯೊಳಗೆ ಹೋಗಿ ಕೂತರು. ಅಂಡಿಗೆಗಳ ನಡುವೆ ಒಂದು ಕೋಣೆಯಷ್ಟು ಜಾಗ ಬಿಡಿಸಿಕೊಂಡು ಡ್ರಮ್ಸ್ ಇಟ್ಟರು.

ಕಷ್ಟ ಎರಡು. ಪಕ್ಕದಲ್ಲೇ ಹತ್ತಿ ಜಿನ್ನಿಂಗ್ ಫ್ಯಾಕ್ಟರಿ. ಸುಗ್ಗಿಯಲ್ಲಿ ಅದು ಹಗಲೂ ರಾತ್ರಿ ಓಡುತ್ತದೆ, ರವಿವಾರ ಹಗಲು ಮಾತ್ರ ರಜೆ. ಹಾಗಾಗಿ ರೆಕಾರ್ಡಿಂಗಿಗೆ ರವಿವಾರ ಬಿಟ್ಟು ಬೇರೆ ದಿನವಿಲ್ಲ. ಇನ್ನೊಂದು, ಗಂಗಯ್ಯ ಹತ್ತಿಯನ್ನು ಇಟ್ಟಿರುವುದು ಮಾರಲಿಕ್ಕೇ ಹೊರತು ಇವರ ಸಂಗೀತಕ್ಕಲ್ಲ. ಹಿಂದಿನ ಬೇಸಿಗೆಯಲ್ಲಿ ಖಾಲಿ ಗೋದಾಮಿನಲ್ಲಿ ಒಂದು ಹಾಡು ರೆಕಾರ್ಡ್ ಮಾಡಿ ನೋಡಿದ್ದರು. ಡ್ರಮ್ಸಿನ ಸದ್ದು ಬಾವಿಗೆ ಕೊಡ ಬಿದ್ದ ಹಾಗೆ ಕೇಳಿತ್ತು. ಅದನ್ನು ಅಳಿಸಿ ಹಾಕಿದರು.

ಎರಡು ಸುಗ್ಗಿಗಳಲ್ಲಿ ಏಳು ಹಾಡು ಮುಗಿದಿದ್ದವು. ಎಂಟಾದರೆ ಒಂದು ಆಲ್ಬಮ್. ಬೆಂಗಳೂರಿನ ಒಂದು ಸಣ್ಣ ಕಂಪನಿ ಯುಗಾದಿಯೊಳಗೆ ಎಂಟೂ ಕಳಿಸಿ, ಬಿಡುಗಡೆ ಮಾಡುತ್ತೇವೆ ಎಂದಿತ್ತು. ಎಂಟನೆಯದು ಮುಜಫ್ಫರನ ಹಾಡು. ಮಾತು ಬರೆದವಳು ಶೈಲಜಾ, ನಿಜ. ಆದರೆ ಆ ಹಾಡು ಹುಟ್ಟಿದ್ದು ಅವನ ಕೈಯಲ್ಲಿ. ಒಂದು ಮಧ್ಯಾಹ್ನ ಸುಮ್ಮನೆ ಕೂತು ಏನೋ ಬಾರಿಸುತ್ತಿದ್ದ, ಅವಳು ಗಿಟಾರ್ ಕೆಳಗಿಟ್ಟು ನಿಲ್ಲಿಸಬೇಡ ಎಂದು ಕೈ ಮಾಡಿದಳು, ಹಾಗೆ. ಏಳು ಹಾಡಿಗೆ ಅವನು ಬೇರೆಯವರ ಹಿಂದೆ ಹೋಗಿದ್ದ; ಈ ಒಂದಕ್ಕೆ ಅವರು ಅವನ ಹಿಂದೆ ಬಂದಿದ್ದರು. ಅದಕ್ಕೆಂದೇ ಕೊನೆಗೆ ಇಟ್ಟುಕೊಂಡಿದ್ದ. ಮಾರ್ಚಿನಲ್ಲಿ ಗಂಗಯ್ಯ ಹತ್ತಿ ಮಾರಿದ. ಸೋಮವಾರ ಲಾರಿ ಬರುತ್ತವೆ, ಅದರ ಹಿಂದಿನ ರವಿವಾರ ನಿಮ್ಮದು, ಆಮೇಲೆ ಕೇಳಬೇಡಿ ಎಂದು ಅಳಿಯನಿಗೆ ಹೇಳಿದ.

ಅದೇ ರವಿವಾರದ ಎಲೆ-ಅಡಿಕೆಯನ್ನು ಮುಜಫ್ಫರನ ತಾಯಿ ಖತಿಜಾಬಿ ತಿಂದುಬಿಟ್ಟಿದ್ದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬುಡನಸಾಬರದು ಮದುವೆ ಮೆರವಣಿಗೆಗೆ ಬಾರಿಸುವ ಬ್ರಾಸ್ ಬ್ಯಾಂಡ್ ಕಂಪನಿ. ಅವರು ಕ್ಲಾರ್ನೆಟ್ ಮಾಸ್ತರರು. ಡಿಜೆ ಗಾಡಿಗಳು ಬಂದ ಮೇಲೆ ಕಂಪನಿ ಸೊರಗಿತು, ನಾಲ್ಕು ವರ್ಷದ ಹಿಂದೆ ಪೂರ್ತಿ ನಿಂತಿತು. ಕೆಂಪು ಕೋಟುಗಳು ಟ್ರಂಕು ಸೇರಿದವು. ಈ ದಂಧೆಯಲ್ಲಿ ಕಾಗದಪತ್ರ ಇರುವುದಿಲ್ಲ. ಮದುವೆ ಮನೆಯವರು ಎಲೆ-ಅಡಿಕೆ ತಂದು ಕೊಡುತ್ತಾರೆ. ಮಾಸ್ತರ ಅದನ್ನು ತೆಗೆದುಕೊಂಡರೆ ಆ ದಿನ ಅವರದು. ಒಲ್ಲೆ ಎನ್ನುವುದಿದ್ದರೆ ತಟ್ಟೆ ಮುಟ್ಟುವುದಿಲ್ಲ. ಮುಟ್ಟಿದ ಮೇಲೂ ಮನಸ್ಸು ಬದಲಾದರೆ ಅದೇ ಎಲೆಯನ್ನು ಒಯ್ದು ಮರಳಿಸಬಹುದು, ಮುಖಕ್ಕೆ ಒಂದಿಷ್ಟು ಬೈಸಿಕೊಳ್ಳಬೇಕಾಗುತ್ತದೆ ಅಷ್ಟೇ. ತಿಂದ ಮೇಲೆ ಏನನ್ನು ಮರಳಿಸುತ್ತೀರಿ?

ನೇಸರಗಿಯ ದೇವಕ್ಕನ ಮನೆಯಲ್ಲಿ ಬುಡನಸಾಬರ ತಂದೆಯ ಕಾಲದಿಂದ ಒಂದು ಮದುವೆಯೂ ಈ ಬ್ಯಾಂಡಿಲ್ಲದೆ ಆಗಿಲ್ಲ. ಈಗ ಮೊಮ್ಮಗಳು ಉಮಾಶ್ರೀಯ ಮದುವೆ. ಹುಡುಗರು ಡಿಜೆ ಬೇಕೆಂದರು, ಮುದುಕಿ ತನ್ನ ಹೆಣದ ಮೇಲೆ ತರ್ರಿ ಎಂದಳು. ಮುದುಕಿಯೇ ಗೆದ್ದಳು. ಗೆದ್ದ ಉತ್ಸಾಹದಲ್ಲಿ ಶುಕ್ರವಾರ ಟೆಂಪೊ ಹತ್ತಿ ಬೈಲಹೊಂಗಲಕ್ಕೆ ಬಂದಾಗ ಬುಡನಸಾಬರು ನಮಾಜಿಗೆ ಹೋಗಿದ್ದರು, ಮುಜಫ್ಫರ ಗೋದಾಮಿನಲ್ಲಿದ್ದ, ಸೊಸೆ ಸಾಯಿಮಾ ಶಾಲೆಯಲ್ಲಿದ್ದಳು. ದೇವಕ್ಕ ಖತಿಜಾಬಿಯ ಮುಂದೆ ಎಲೆ-ಅಡಿಕೆ ಇಟ್ಟು, ಮುಂದಿನ ವಾರ ರವಿವಾರ ಲಗ್ನ, ಬರ್ರಿ ಎಂದಳು. ಖತಿಜಾಬಿ ಇದು ಊಟದ ಆಮಂತ್ರಣ ಎಂದುಕೊಂಡಳು. ಬರತೇವಿ ಎಂದಳು. ಎಲೆಯೋ ಎಳಸಾಗಿತ್ತು. ಹಲ್ಲಿಲ್ಲದ ಬಾಯಿ, ಕುಟ್ಟಾಣಿ ತೆಗೆದು, ಸುಣ್ಣ ಹಚ್ಚಿ, ಕುಟ್ಟಿ, ದೇವಕ್ಕನ ಕಣ್ಣೆದುರೇ ಬಾಯಿಗೆ ಹಾಕಿಕೊಂಡಳು. ದೇವಕ್ಕನಿಗೆ ಇದಕ್ಕಿಂತ ಗಟ್ಟಿ ಮಾತು ಬೇಕಿರಲಿಲ್ಲ. ಸಂತೋಷದಿಂದ ಎದ್ದು ಹೋದಳು.

ಬುಡನಸಾಬರು ಬಂದು ವಿಷಯ ಕೇಳಿ ಎಲೆ ಎಲ್ಲಿ ಎಂದರು. ತಿಂದೆ ಎಂದಳು. ಎಲ್ಲವನ್ನೂ? ಅಡಿಕೆ ಎರಡು ಉಳಿದಿವೆ ಎಂದಳು. ಅವರು ತಲೆ ಮೇಲೆ ಕೈ ಇಟ್ಟುಕೊಂಡು ಕೂತರು. ಬ್ಯಾಂಡ್ ಮಾಸ್ತರನ ಹೆಂಡತಿಯಾಗಿ ಇಷ್ಟು ವರ್ಷ ಬಾಳಿದವಳಿಗೆ ಇಷ್ಟೂ ತಿಳಿಯಲಿಲ್ಲವೇ ಎಂದು ಗದರಿದ್ದಕ್ಕೆ ಅವಳು, ಮುಚ್ಚಿದ ಕಂಪನಿಗೆ ಯಾರಾದರೂ ವೀಳ್ಯ ತರುತ್ತಾರೆಂದು ನನಗೇನು ಕನಸು ಬಿದ್ದಿತ್ತೇ ಎಂದಳು. ಅದೂ ಖರೆಯೇ.

ಒಂದು ಫೋನ್ ಮಾಡಿ ಆಗುವುದಿಲ್ಲ ಎಂದರೆ ಮುಗಿಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಸಾಯಿಮಾಗೂ ಅನ್ನಿಸಿತು, ಬಾಯಿಬಿಟ್ಟು ಹೇಳಿದಳು ಕೂಡ. ಬುಡನಸಾಬರು ಕೇಳದವರ ಹಾಗೆ ಕೂತಿದ್ದರು. ಮಾರನೆಯ ದಿನದಿಂದ ಹಳೆಯ ಜನರನ್ನು ಹುಡುಕಲು ಹೊರಟರು. ಟ್ರಂಪೆಟ್ಟಿನವನು ಈಗ ಆಟೋ ಓಡಿಸುತ್ತಾನೆ, ಬರುತ್ತೇನೆ ಎಂದ. ದೊಡ್ಡ ಢೋಲಿನವನು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಾದರೂ ಬರುತ್ತೇನೆ ಎಂದ. ಸೈಡ್ ಡ್ರಮ್ಮಿನವನು ಮೂರು ವರ್ಷದ ಹಿಂದೆಯೇ ತೀರಿಕೊಂಡಿದ್ದ. ಅವನಿಗಿಂತ ಮೊದಲು ಆ ಡ್ರಮ್ ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದವನು ಮುಜಫ್ಫರ, ಮೀಸೆ ಮೂಡುವ ಮುಂಚಿನಿಂದ ಕಾಲೇಜು ಮುಗಿಸುವವರೆಗೆ.

ಆ ವಾರವೆಲ್ಲ ಮುಜಫ್ಫರ ತಂದೆಯ ಕಣ್ಣು ತಪ್ಪಿಸಿ ಓಡಾಡಿದ. ಕೇಳಿದರೆ ಆಗುವುದಿಲ್ಲ ಎನ್ನಬೇಕು, ರೆಕಾರ್ಡಿಂಗ್ ಇದೆ ಎನ್ನಬೇಕು ಎಂದು ನಿರ್ಧಾರ ಮಾಡಿಕೊಂಡಿದ್ದ. ಅಪ್ಪ ತನ್ನ ಬ್ಯಾಂಡಿನ ಬಗ್ಗೆ ಎಂದೂ ಒಂದು ಮಾತು ಕೇಳಿದವರಲ್ಲ, ಬೈದವರೂ ಅಲ್ಲ. ಈಗ ತಾನೇ ಹೇಳಿದರೆ ತಿಳಿದುಕೊಳ್ಳುತ್ತಾರೆ ಎಂಬ ಧೈರ್ಯ ಅವನಿಗಿತ್ತು.

ಗುರುವಾರ ಮಧ್ಯಾಹ್ನ ಊಟಕ್ಕೆ ಬಂದಾಗ ಹಿತ್ತಲಿನಿಂದ ಕ್ಲಾರ್ನೆಟ್ಟಿನ ಸದ್ದು ಕೇಳಿಸಿತು. ಬಾಗಿಲ ಮರೆಯಲ್ಲಿ ನಿಂತ. ಬುಡನಸಾಬರು ನೀರಿನ ಟಾಕಿಯ ಕಟ್ಟೆ ಮೇಲೆ ಕೂತು, ಮದುಮಗನನ್ನು ಇದಿರುಗೊಳ್ಳುವಾಗ ನುಡಿಸುವ ಹಳೆಯ ಚಾಲನ್ನು ಹಿಡಿದಿದ್ದರು. ಮೊದಲಿನ ಅರ್ಧ ಸಾಲು ಬಂತು. ಉಸಿರು ಮುಗಿಯಿತು. ಮತ್ತೆ ಮೊದಲಿನಿಂದ ಹಿಡಿದರು, ಅಲ್ಲಿಗೇ ಮುಗಿಯಿತು. ವಾದ್ಯವನ್ನು ತೊಡೆಯ ಮೇಲಿಟ್ಟು, ಎದೆ ತಿಕ್ಕಿಕೊಂಡು, ಯಾರಾದರೂ ನೋಡಿದರೇ ಎಂದು ಆಚೀಚೆ ನೋಡಿದರು. ಮುಜಫ್ಫರ ಸದ್ದಿಲ್ಲದೆ ಹಿಂದೆ ಸರಿಯಲು ನೋಡಿದ. ಅವರು ಅವನನ್ನು ಕಂಡರು.

‘ಐತವಾರ ಖಾಲಿ ಅದಿ ಏನು?’ ಎಂದು ಕೇಳಿದರು.

‘ಖಾಲಿ ಅದೇನಿ, ಅಬ್ಬಾ,’ ಎಂದ ಮುಜಫ್ಫರ.

ಹೇಳಿ ಮುಗಿದ ಮೇಲೆ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಊಟ ಸೇರಲಿಲ್ಲ. ಸಂಜೆ ಗೌರೀಶನ ಅಂಗಡಿಗೆ ಹೋಗಿ ಇಬ್ಬರಿಗೂ ವಿಷಯ ತಿಳಿಸಿದ. ಹೆಣ್ಣು ಒಪ್ಪಿಸುವವರೆಗೆ ಬ್ಯಾಂಡಿನವರು ಮದುವೆ ಮನೆ ಬಿಡುವಂತಿಲ್ಲ, ಹಾಗಾಗಿ ಮಧ್ಯಾಹ್ನ ಬಂದು ಸೇರಿಕೊಳ್ಳುವ ಮಾತೂ ಇಲ್ಲ. ಗೌರೀಶ ಮಾವನ ಕಾಲು ಹಿಡಿಯುತ್ತೇನೆ ಎಂದು ಹೋಗಿ ಅರ್ಧ ಗಂಟೆಯಲ್ಲಿ ಮುಖ ಇಳಿಸಿಕೊಂಡು ಬಂದ. ಮಿಲ್ಲಿನವರು ಲಾರಿಗಳನ್ನು ಆಗಲೇ ಗೊತ್ತು ಮಾಡಿದ್ದರು.

ಶೈಲಜಾ ಕೂಗಾಡುವವಳಲ್ಲ. ಕೂಗಾಡಿದ್ದರೆ ಮುಜಫ್ಫರನಿಗೆ ಹಗುರಾಗುತ್ತಿತ್ತು. ಅವಳು ಒಂದು ಹಾಳು ಮೊಬೈಲನ್ನು ಕೈಯಲ್ಲಿ ತಿರುವುತ್ತ ಕೇಳಿದಳು.

‘ನಿಮ್ಮ ಅಪ್ಪಗ ಹೇಳಿದಿ ಏನು, ಏನ್ ಐತಿ ಅವತ್ತು ಅಂತ?’

‘ಇಲ್ಲ.’

‘ಯಾಕ?’

‘ಹೇಳಿದ್ರ ನನ್ನ ಬಿಟ್ಟು ಹೋಗ್ತಾರ. ಅಲ್ಲಿ ನೇಸರಗ್ಯಾಗ ನಡು ಓಣ್ಯಾಗ ಉಸಿರು ಕಟ್ಟಿ ನಿಂದ್ರತಾರ.’

‘ಇದು ನಿನ್ನ ಹಾಡು, ಮುಜಫ್ಫರ,’ ಎಂದಳು. ‘ಎಂಟು ಇಲ್ಲಂದ್ರ ಕಂಪನಿಯವ್ರು ತಗೊಳ್ಳೂದಿಲ್ಲ. ನಾ ಬ್ಯಾರೆಯವ್ರನ್ನ ಕರೀಬೇಕಾಕ್ಕೈತಿ.’

ಕರಿ ಎಂದ. ಅವಳು ಅವನ ಮುಖವನ್ನೇ ನೋಡಿದಳು, ಅವನು ಮಾತು ಹಿಂದಕ್ಕೆ ತೆಗೆದುಕೊಳ್ಳಲಿ ಎಂದು ಕಾಯುತ್ತಿದ್ದಳು. ಅವನು ತೆಗೆದುಕೊಳ್ಳಲಿಲ್ಲ. ಶನಿವಾರ ಹುಬ್ಬಳ್ಳಿಯಿಂದ ಒಬ್ಬ ಡ್ರಮ್ಮರ್ ಬಂದ. ಒಳ್ಳೆಯ ತಯಾರಿ ಇದ್ದ ಹುಡುಗ. ಮುಜಫ್ಫರನೇ ಅವನನ್ನು ಗೋದಾಮಿಗೆ ಕರೆದೊಯ್ದು, ತನ್ನ ಡ್ರಮ್ಸಿನ ಮುಂದೆ ಕೂರಿಸಿ, ಯಾವ ಚರ್ಮ ಎಷ್ಟು ಬಿಗಿ ಎಂದು ತೋರಿಸಿದ. ಫ್ಯಾಕ್ಟರಿಯ ಗದ್ದಲದಲ್ಲಿ ಹಾಡಿನ ತಾಳ ಪೂರ್ತಿ ಬಾರಿಸಿ ತೋರಿಸಲಾಗಲಿಲ್ಲ, ಮೊಬೈಲಿನಲ್ಲಿದ್ದ ಹಳೆಯ ತಾಲೀಮಿನ ತುಣುಕನ್ನು ಕಳಿಸಿದ. ಅವನ ಮುಂದೆ ನಗುತ್ತಲೇ ಇದ್ದ. ಹೊರಗೆ ಬಂದು ಬೈಕಿನ ಕಿಲ್ಲಿ ಸಿಗದೆ ಎಲ್ಲ ಕಿಸೆಗಳಲ್ಲಿ ಎರಡೆರಡು ಸಲ ಹುಡುಕಾಡಿದ.

ರವಿವಾರ ನೇಸರಗಿಯಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ಇಸ್ತ್ರಿ ಮಾಡಿದ ಕೆಂಪು ಕೋಟಿನಲ್ಲಿ ಆಟೋದವನ ಹೊಟ್ಟೆ ಗುಂಡಿಗೆ ಸಿಗಲಿಲ್ಲ, ಸೇಫ್ಟಿ ಪಿನ್ನು ಚುಚ್ಚಿಕೊಂಡ. ಬಸವಣ್ಣನ ಗುಡಿಯಿಂದ ಮದುಮಗನನ್ನು ಇದಿರುಗೊಂಡು ಮನೆಯವರೆಗೆ ತಂದರು. ಬುಡನಸಾಬರು ಮುಂದೆ, ಮುಜಫ್ಫರ ಹಿಂದೆ. ಅವರು ಉಸಿರಿಗೆಂದು ಹಿಂದಿಗಿಂತ ಹೆಚ್ಚು ಸಲ ನಿಂತರು, ಆದರೆ ಹಿಂದಿನ ಡ್ರಮ್ ಅವರನ್ನು ಬಿಟ್ಟು ಮುಂದೆ ಹೋಗಲಿಲ್ಲ, ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ. ಡಿಜೆ ಬೇಕೆಂದಿದ್ದ ಹುಡುಗರೇ ಅಂಗಿ ಬೆವರಿ ಅಂಟುವಷ್ಟು ಕುಣಿದರು. ದೇವಕ್ಕ ಕಟ್ಟೆಯ ಮೇಲೆ ಕೂತು ಊರೆಲ್ಲ ತನ್ನದೇ ಎಂಬಂತೆ ನೋಡಿದಳು. ಮುಜಫ್ಫರನ ಕೈ ಅಲ್ಲಿತ್ತು, ತಲೆ ಗೋದಾಮಿನಲ್ಲಿತ್ತು. ಈಗ ಮೈಕು ಇಟ್ಟಿರುತ್ತಾರೆ, ಈಗ ಮೊದಲ ಸಲ ಬಾರಿಸಿರುತ್ತಾರೆ, ಈಗ ಶೈಲಜಾ ಇದು ಸರಿ ಎಂದಿರುತ್ತಾಳೆ. ಹೋಳಿಗೆ ಬಡಿಸಿದವರು ಇನ್ನೊಂದು ಹಾಕಲೇ ಎಂದು ಕೇಳಿದ್ದಕ್ಕೆ ಅವನು ಮುಗಿದಿರಬೇಕು ಎಂದುಬಿಟ್ಟ. ಸಂಜೆ ಹೆಣ್ಣು ಒಪ್ಪಿಸುವಾಗ ಎಲ್ಲರೂ ಅತ್ತರು, ಅವನೂ ಕಣ್ಣೊರೆಸಿಕೊಂಡ. ಬ್ಯಾಂಡಿನವನಿಗೆ ಎಂಥ ಒಳ್ಳೇ ಮನಸ್ಸು ಎಂದು ಹೆಂಗಸರು ಮಾತಾಡಿಕೊಂಡರು.

ಸೋಮವಾರ ಅಂಡಿಗೆಗಳು ಲಾರಿ ಹತ್ತಿದವು. ಯುಗಾದಿ ಕಳೆದು ಒಂದು ತಿಂಗಳಿಗೆ ಆಲ್ಬಮ್ ಬಂತು. ಮೊಬೈಲಿನಲ್ಲಿ ಯಾರು ಬೇಕಾದರೂ ಕೇಳಬಹುದು. ಬೈಲಹೊಂಗಲದಲ್ಲಿ ಕೆಲವರು ಕೇಳಿದರು. ಬೆಂಗಳೂರಿನ ಯಾರೋ ಇಂಟರ್‌ನೆಟ್ಟಿನಲ್ಲಿ ಬರೆದು, ಎಲ್ಲಕ್ಕಿಂತ ಕೊನೆಯ ಹಾಡೇ ಗಟ್ಟಿ ಎಂದು ಹೊಗಳಿದರು. ಆ ಹಾಡಿಗೆ ಡ್ರಮ್ಸ್ ಬಾರಿಸಿದವನ ಹೆಸರು ಕೆಳಗೆ ಸಣ್ಣಕ್ಷರದಲ್ಲಿತ್ತು. ಅಷ್ಟು ಕೆಳಗೆ ಯಾರು ಓದುತ್ತಾರೆ? ಕಾಲೇಜು ಹುಡುಗರು ದಾರಿಯಲ್ಲಿ ಮುಜಫ್ಫರನನ್ನು ನಿಲ್ಲಿಸಿ, ಸರ್, ಆ ಎಂಟನೇದರಾಗ ಏನ್ ಬಾರಿಸೀರಿ ಎಂದು ಕೈ ಕುಲುಕಿದರು. ಮೊದಲೆರಡು ಸಲ ಅದು ನಾನಲ್ಲ ಎಂದ. ಆಮೇಲೆ ಹೇಳಿ ಹೇಳಿ ಬೇಸತ್ತು ಥ್ಯಾಂಕ್ಸ್ ಎನ್ನತೊಡಗಿದ. ಅವನೂ ಆ ಹಾಡನ್ನು ಹತ್ತಾರು ಸಲ ಕೇಳಿದ್ದ. ಎಲ್ಲಾದರೂ ಒಂದು ತಪ್ಪು ಸಿಗಲಿ ಎಂದು ಕೇಳಿದ್ದ, ಸುಳ್ಳೇಕೆ ಹೇಳಬೇಕು. ಒಂದೂ ಸಿಗಲಿಲ್ಲ. ಹುಡುಗ ಚೊಕ್ಕ ಬಾರಿಸಿದ್ದ. ಡ್ರಮ್ಸ್ ಅವೇ, ಹತ್ತಿಯೂ ಅದೇ, ಏಳು ಹಾಡಿಗೂ ಎಂಟನೆಯದಕ್ಕೂ ಸದ್ದಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ತಾನಿಲ್ಲದೆಯೂ ತನ್ನ ಹಾಡು ಇಷ್ಟು ಚೆನ್ನಾಗಿ ಆಗಿಬಿಟ್ಟಿತಲ್ಲ ಎಂಬುದೇ ಅವನನ್ನು ಕೊರೆಯಿತು. ಶೈಲಜಾ, ಗೌರೀಶ ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ. ರಾಮದುರ್ಗದಲ್ಲಿ ಮತ್ತೊಂದು ಕಾರ್ಯಕ್ರಮ ಒಪ್ಪಿಕೊಂಡರು, ತಾಲೀಮಿನಲ್ಲಿ ಆ ಒಂದು ಹಾಡನ್ನು ಮೂವರೂ ಬಿಟ್ಟು ಮುಂದೆ ಹೋಗುತ್ತಿದ್ದರು.

ಮೇ ತಿಂಗಳ ಒಂದು ಮಧ್ಯಾಹ್ನ ಬುಡನಸಾಬರು ಪಡಸಾಲೆಯ ಹೊರಸಿನ ಮೇಲೆ ಕೂತಿದ್ದರು. ಬಿಸಿಲಿಗೆ ಹೊರಗೆ ಹೋಗುವಂತಿರಲಿಲ್ಲ. ನಿಂದೇನೋ ಬಂದೈತಂತಲ್ಲ, ಹಚ್ಚು, ಕೇಳೂಣು ಎಂದರು. ಆಟೋದವನು ಹೇಳಿದ್ದನಂತೆ. ಮುಜಫ್ಫರನಿಗೆ ಆಶ್ಚರ್ಯವಾಯಿತು. ಮೊಬೈಲನ್ನು ಅವರ ಪಕ್ಕ ಇಟ್ಟು, ಮೊದಲಿನಿಂದ ಹಚ್ಚಿ, ಹೊರಸಿನ ತುದಿಗೆ ಕೂತ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಚೆನ್ನಾಗಿದೆ ಎನ್ನಲಿಲ್ಲ, ಗದ್ದಲ ಎನ್ನಲಿಲ್ಲ. ಏಳು ಹಾಡು ಮುಗಿಯಿತು. ನಿದ್ದೆ ಹೋಗಿದ್ದಾರೆ ಎಂದುಕೊಂಡ. ಎಂಟನೆಯದು ಶುರುವಾಗಿ ಎರಡು ಸಾಲು ಆಗಿತ್ತು. ಅವರು ಕಣ್ಣು ತೆರೆದರು.

‘ಇದು ನೀ ಅಲ್ಲ.’

ಮುಜಫ್ಫರ ಅವರ ಕಡೆ ತಿರುಗಿದ.

‘ಡ್ರಮ್ ನಿಂದು. ಕೈ ನಿಂದಲ್ಲ,’ ಎಂದರು. ‘ನೀ ಸಾಲು ತಿರುವೂ ಮುಂದ ಒಂದೀಟು ತಡೀತಿ. ನನ್ನ ಹಿಂದ ನಡೀತಿದ್ದಿ ಅಲ್ಲ, ನನ್ನ ಉಸಿರಿಗೆ ಕಾಯ್ದು ಕಾಯ್ದು ಬಂದ ರೂಢಿ ಅದು. ಏಳೂ ಹಾಡಿನ್ಯಾಗ ಅದ. ಇಂವ ಯಾರಿಗೂ ಕಾಯೂದಿಲ್ಲ.’

ಇಷ್ಟು ದಿನದಲ್ಲಿ ಒಬ್ಬರಿಗೂ ಕಾಣದ್ದು, ಮುಜಫ್ಫರನಿಗೇ ಕಾಣದ್ದು, ಎಂದೂ ಕೇಳದ ಮನುಷ್ಯನಿಗೆ ಒಂದೇ ಸಲಕ್ಕೆ ಕಂಡಿತ್ತು. ಅವನಿಗೆ ಸಂತೋಷವಾಯಿತು, ಆ ಸಂತೋಷದಲ್ಲೇ ಅಳು ಬಂತು. ಯಾವಾಗ ಬಾರಿಸಿದ್ದು ಇದನ್ನು ಎಂದು ಅವರು ಕೇಳಿದರು. ನೇಸರಗಿ ಲಗ್ನದ ದಿವಸ ಎಂದ.

ಹಾಡು ತನ್ನಷ್ಟಕ್ಕೆ ಓಡುತ್ತಿತ್ತು. ಬುಡನಸಾಬರು ಮಗನ ಮುಖ ನೋಡಿದರು, ಆಮೇಲೆ ನೆಲ ನೋಡಿದರು.

‘ಖಾಲಿ ಅದೇನಿ ಅಂದಿದ್ದಿ.’

‘ಹೌದ್ರಿ.’

ಅವರು ಬೈಯಬಹುದು ಎಂದು ಅವನು ಕಾದ. ಅವರು ಬೈಯಲಿಲ್ಲ. ನೀನು ಬಾರಿಸಿದ್ದರೆ ಹೇಗಿರುತ್ತಿತ್ತು, ಬಾರಿಸಿ ತೋರಿಸು ಎಂದರು. ಮುಜಫ್ಫರ ಹಾಡನ್ನು ಮತ್ತೆ ಮೊದಲಿಗೆ ಒಯ್ದು, ಅದರ ಜೊತೆ ಹೊರಸಿನ ಕಟ್ಟಿಗೆಯ ಮೇಲೆ ಬೆರಳಿನಿಂದ ಬಾರಿಸತೊಡಗಿದ. ಎರಡು ಸಾಲಿಗೆ ಬುಡನಸಾಬರು ಕೈ ಚಾಚಿ ಮೊಬೈಲನ್ನು ಬಂದ್ ಮಾಡಿದರು. ಅದು ಬ್ಯಾಡ, ನೀ ಬಾರ್ಸು ಎಂದರು. ಅವನು ನಿಲ್ಲಿಸದೆ ಕೊನೆಯವರೆಗೆ ಬಾರಿಸಿದ. ಸಾಲು ತಿರುಗುವಲ್ಲೆಲ್ಲ ಅವನ ಬೆರಳು ಒಂದಿಷ್ಟು ತಡೆಯಿತು, ಮುದುಕರು ಉಸಿರು ಎಳೆದುಕೊಂಡರು, ಆಮೇಲೆ ಹಾಡು ಮುಂದಕ್ಕೆ ಹೋಯಿತು.